ಹಾಡು, ಚಿತ್ರ, ವಿಡಿಯೋ ಇಳಿಸಿಕೊಂಡರೆ ವೈರಸ್ ಬರುತ್ತದೆಯೇ?

(ಅಗಳಿಯಲ್ಲಿ ನಡೆದ ಕನ್ನಡ ಮಾಧ್ಯಮ ವಿದ್ಯಾರ್ಥಿಗಳ ಪೋಷಕರ ಸಭೆಯಲ್ಲಿ ಶಿಕ್ಷಕರೊಬ್ಬರು ಮಾಡಿದ ಭಾಷಣದ ಪಾಠ)



ಕಳೆದ ಕೆಲವು ತಿಂಗಳಿಂದ ನಿಮ್ಮಲ್ಲಿ ಹಲವರು ಶಾಲೆಗೆ ಬಂದಾಗ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಕೇಳಿದ್ದೀರಿ. "ಮೇಷ್ಟ್ರೇ, ಹಾಡು ಇಳಿಸಿಕೊಂಡರೆ ಫೋನಿಗೆ ವೈರಸ್ ಹತ್ತುತ್ತದಂತೆ, ನಿಜವೇ?" ಎಂದು ಒಬ್ಬರು. "ಫೋಟೋ ಮುಟ್ಟಿದರೆ ಬ್ಯಾಂಕಿನ ದುಡ್ಡು ಹೋಗುತ್ತದಂತೆ" ಎಂದು ಇನ್ನೊಬ್ಬರು. ಮಗಳು ಪಾಠದ ವಿಡಿಯೋ ಇಳಿಸಿಕೊಳ್ಳುತ್ತೇನೆ ಎಂದರೆ ಫೋನ್ ಕಿತ್ತಿಟ್ಟುಕೊಂಡ ತಂದೆಯೂ ನಮ್ಮಲ್ಲಿದ್ದಾರೆ. ಬಂದದ್ದನ್ನೆಲ್ಲ ಒತ್ತಿ, ಬೆಳಗಾಗುವುದರೊಳಗೆ ಖಾತೆ ಬರಿದಾಗಿಸಿಕೊಂಡವರ ಕಥೆಯನ್ನೂ ನೀವು ಕೇಳಿದ್ದೀರಿ. ಆದ್ದರಿಂದ ಇಂದು ಈ ಒಂದೇ ವಿಷಯವನ್ನು ಮಾತಾಡುತ್ತೇನೆ.

ಇದು ಬರೀ ಯಂತ್ರದ ವಿಷಯವಲ್ಲ. ನಮ್ಮ ಊರು ಆಂಧ್ರದಲ್ಲಿದೆ, ಮಾತು ಕನ್ನಡ. ಜಿಲ್ಲೆ ಮಾತ್ರ ಬದಲಾಯಿತು. 2022ರ ಏಪ್ರಿಲ್‌ವರೆಗೆ ಅನಂತಪುರ, ಈಗ ಶ್ರೀ ಸತ್ಯಸಾಯಿ ಜಿಲ್ಲೆ. ನಮ್ಮ ಮಕ್ಕಳಿಗೆ ಬೇಕಾದ ಕನ್ನಡ ಪುಸ್ತಕ, ಹಳೆಯ ಪ್ರಶ್ನೆಪತ್ರಿಕೆ, ವ್ಯಾಕರಣದ ಪಾಠ ಮಡಕಶಿರದ ಅಂಗಡಿಯಲ್ಲಿ ಸುಲಭವಾಗಿ ಸಿಕ್ಕುವುದಿಲ್ಲ. ತೆಲುಗು ಮಾಧ್ಯಮದ ಗೈಡು ಸಿಕ್ಕಷ್ಟು ಸಲೀಸಾಗಿ ನಮ್ಮದು ಸಿಕ್ಕದು. 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದ ಮೇಲೆ ಫೋನು ಮನೆಮನೆಯ ಪಾಠಶಾಲೆಯಾಯಿತು. ಇಂದಿಗೂ ಕನ್ನಡದ ಓದು ಬಹುಪಾಲು ಅದರ ಮೂಲಕವೇ ಇಳಿದು ಬರುತ್ತಿದೆ. ಆ ಬಾಗಿಲನ್ನು ಭಯದಿಂದ ಮುಚ್ಚಿದರೆ ನಷ್ಟ ನಮ್ಮ ಮಕ್ಕಳಿಗೆ. ಅಗಳಿ ಹಾಕದೆ ತೆರೆದಿಟ್ಟರೆ ನಷ್ಟ ನಿಮ್ಮ ಖಾತೆಗೆ. (ಊರ ಹೆಸರೇ ಅಗಳಿ, ಬಾಗಿಲ ಮಾತು ನಮಗೆ ಹೊಸದಲ್ಲ.)

ಮೊದಲು ನೇರ ಉತ್ತರ ಕೊಡುತ್ತೇನೆ. ಹಾಡು, ಚಿತ್ರ, ವಿಡಿಯೋ ಇವು ತಾವಾಗಿ ವೈರಸ್ ಅಲ್ಲ, ಸಾಮಾನ್ಯವಾಗಿ ವೈರಸ್ಸನ್ನು ಹೊತ್ತು ತರುವುದೂ ಇಲ್ಲ. ಆದರೆ ಎರಡು ದಾರಿಯಲ್ಲಿ ಅಪಾಯ ಬರಬಹುದು. ಒಂದು ಅಪರೂಪದ್ದು, ಇನ್ನೊಂದು ದಿನನಿತ್ಯದ್ದು. ಜನ ಹೆದರುವುದು ಅಪರೂಪದ್ದಕ್ಕೆ, ಮೋಸಹೋಗುವುದು ದಿನನಿತ್ಯದ್ದರಲ್ಲಿ.

ವೈರಸ್ ಎಂದರೆ ಒಂದು ಪ್ರೋಗ್ರಾಂ. ಅಂದರೆ ಯಂತ್ರಕ್ಕೆ ಕೊಡುವ ಆಜ್ಞೆಗಳ ಪಟ್ಟಿ. ಆಜ್ಞೆ ನಡೆದಾಗ ಮಾತ್ರ ಅದಕ್ಕೆ ಜೀವ. ಹಾಡಿನ ಫೈಲು ಆಜ್ಞೆಗಳ ಪಟ್ಟಿಯಲ್ಲ, ಅದು ಅಂಕಿಗಳ ಪಟ್ಟಿ. ಹಿಂದೂಪುರದ ಹುಣಸೆಹಣ್ಣಿನ ಮಂಡಿಯನ್ನು ನೆನಪಿಗೆ ತಂದುಕೊಳ್ಳಿ. ಅಲ್ಲಿ ಗುಮಾಸ್ತನ ಬಳಿ ಎರಡು ಪುಸ್ತಕಗಳಿವೆ ಎಂದುಕೊಳ್ಳೋಣ. ಒಂದರಲ್ಲಿ ತೂಕದ ಅಂಕಿಗಳು, ಇನ್ನೊಂದರಲ್ಲಿ ಯಜಮಾನನ ಆಜ್ಞೆಗಳು: ಇಂಥವರಿಗೆ ಇಷ್ಟು ಹಣ ಕೊಡು, ಗೋದಾಮಿನ ಬೀಗ ತೆಗೆ, ಹೀಗೆ. ಆಳುಗಳು ನಡೆದುಕೊಳ್ಳುವುದು ಆಜ್ಞೆಯ ಪುಸ್ತಕ ನೋಡಿ. ತೂಕದ ಪುಸ್ತಕದಲ್ಲಿ ಯಾರು ಏನು ಬರೆದರೂ ಬೀಗ ತೆರೆಯುವುದಿಲ್ಲ. ನಿಮ್ಮ ಹಾಡು, ಮದುವೆಯ ಫೋಟೋ, ಮಗುವಿನ ಪಾಠದ ವಿಡಿಯೋ ಎಲ್ಲವೂ ತೂಕದ ಪುಸ್ತಕ. ಅದನ್ನು ಓದಿ ಹಾಡಾಗಿ, ಚಿತ್ರವಾಗಿ ತೋರಿಸುವ ಪ್ಲೇಯರ್ ಎಂಬ ತಂತ್ರಾಂಶವೇ ಗುಮಾಸ್ತ.

ಹಾಗಾದರೆ ಅಪರೂಪದ ಅಪಾಯ ಯಾವುದು? ಗುಮಾಸ್ತ ದಡ್ಡನಾಗಿದ್ದರೆ ಬರುವ ಅಪಾಯ. ರೈತ ತಂದ ಚೀಟಿಯ ತಲೆಯಲ್ಲಿ "ಹತ್ತು ಸಾಲು" ಎಂದು ಬರೆದಿದೆ. ಗುಮಾಸ್ತ ಹತ್ತು ಸಾಲಿನಷ್ಟು ಜಾಗ ಬಿಟ್ಟುಕೊಂಡು ನಕಲು ಮಾಡಲು ಕೂತ. ಒಳಗೆ ಇದ್ದದ್ದು ಹದಿನಾಲ್ಕು ಸಾಲು. ಎಣಿಸದೆ ಬರೆಯುತ್ತಾ ಹೋದವನ ಕೈ ಪಕ್ಕದಲ್ಲೇ ತೆರೆದಿದ್ದ ಆಜ್ಞೆಯ ಪುಸ್ತಕದ ಮೇಲೆ ಹರಿಯಿತು. ಆ ಹೆಚ್ಚಿನ ನಾಲ್ಕು ಸಾಲಿನಲ್ಲಿ ಕಳ್ಳ "ಬೀಗ ತೆಗೆ" ಎಂದು ಬರೆದಿಟ್ಟಿದ್ದರೆ ಆಳು ಅದನ್ನು ಯಜಮಾನನ ಆಜ್ಞೆ ಎಂದೇ ತಿಳಿಯುತ್ತಾನೆ. ವಿಡಿಯೋ ಫೈಲಿನಿಂದ ಫೋನು ಕೆಡುವುದು ಹೆಚ್ಚುಕಡಿಮೆ ಹೀಗೆಯೇ. ತಪ್ಪು ಗುಮಾಸ್ತನದು. ಕಳ್ಳ ಅದನ್ನು ಬಳಸಿಕೊಳ್ಳುತ್ತಾನೆ.

ಇದು ಕಟ್ಟುಕಥೆಯಲ್ಲ. 2004ರ ಸೆಪ್ಟೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ತನ್ನ ತಂತ್ರಾಂಶಗಳು ಜೆಪೆಗ್ ಚಿತ್ರಗಳನ್ನು ಓದುವ ರೀತಿಯಲ್ಲಿದ್ದ ಇಂಥ ದೋಷವನ್ನು ತಿದ್ದಿತು. 2015ರ ಜುಲೈನಲ್ಲಿ ಆಂಡ್ರಾಯ್ಡ್ ಫೋನುಗಳಲ್ಲಿ "ಸ್ಟೇಜ್‌ಫ್ರೈಟ್" ಎಂಬ ದೋಷ ಹೊರಬಿತ್ತು. ಎಂಎಂಎಸ್ ಮೂಲಕ ಒಂದು ವಿಡಿಯೋ ಕಳಿಸಿದರೆ ಸಾಕು, ಮಾಲೀಕ ಅದನ್ನು ತೆರೆಯದಿದ್ದರೂ ಫೋನು ತಾನೇ ಅದನ್ನು ಓದಲು ಹೋಗಿ ಸಿಕ್ಕಿಬೀಳಬಹುದಾಗಿತ್ತು. ಜಗತ್ತಿನ ಸುಮಾರು 95 ಕೋಟಿ ಉಪಕರಣಗಳಲ್ಲಿ ಆ ದೋಷವಿದೆ ಎಂದು ಅದನ್ನು ಕಂಡುಹಿಡಿದವರು ಅಂದಾಜು ಮಾಡಿದರು. ಆ ಗಾಬರಿಯ ನಂತರವೇ, 2015ರ ಆಗಸ್ಟ್‌ನಿಂದ, ಗೂಗಲ್ ಸಂಸ್ಥೆ ಪ್ರತಿ ತಿಂಗಳೂ ಭದ್ರತಾ ತಿದ್ದುಪಡಿ ಹೊರಡಿಸುವ ಪದ್ಧತಿ ತಂದದ್ದು. 2019ರ ನವೆಂಬರ್‌ನಲ್ಲಿ ವಾಟ್ಸಾಪ್ ಎಂಪಿ4 ವಿಡಿಯೋಗಳನ್ನು ಓದುವುದರಲ್ಲಿ ದೋಷ ಕಂಡುಬಂತು, ನಮ್ಮ ಭಾರತ ಸರ್ಕಾರದ ಸರ್ಟ್-ಇನ್ ಸಂಸ್ಥೆಯೇ ಎಚ್ಚರಿಕೆ ಹೊರಡಿಸಿತು. 2023ರ ಸೆಪ್ಟೆಂಬರ್‌ನಲ್ಲಿ ವೆಬ್‌ಪಿ ಎಂಬ ಚಿತ್ರದ ಬಗೆಯನ್ನು ಓದುವ ತಂತ್ರಾಂಶದ ದೋಷಕ್ಕೆ ಕ್ರೋಮ್ ಮೊದಲಾದ ಬ್ರೌಸರುಗಳೆಲ್ಲ ಅವಸರದಲ್ಲಿ ತಿದ್ದುಪಡಿ ಹಾಕಿಕೊಳ್ಳಬೇಕಾಯಿತು. ನೀವು ಬೆಳಗೆದ್ದು ಕಳಿಸುವ ಶುಭೋದಯದ ಸ್ಟಿಕ್ಕರುಗಳೂ ವೆಬ್‌ಪಿ ಚಿತ್ರಗಳೇ.

ಕೇಳಿದರೆ ಭಯವಾಗುತ್ತದೆ. ಆದರೆ ಇನ್ನೆರಡು ಮಾತು ಕೇಳಿ. ಇಂಥ ದೋಷವನ್ನು ಹುಡುಕಿ ಬಳಸುವುದು ಬಹಳ ದುಬಾರಿ ಕೆಲಸ. 2021ರಲ್ಲಿ ಪೆಗಾಸಸ್ ಎಂಬ ಬೇಹುಗಾರಿಕೆಯ ತಂತ್ರಾಂಶವು ಗಿಫ್ ಚಿತ್ರದ ಹೆಸರು ಹೊತ್ತ ಫೈಲಿನ ಮೂಲಕ ಐಫೋನಿನೊಳಗೆ ನುಗ್ಗಿದ್ದನ್ನು ಕೆನಡಾದ ಸಿಟಿಜನ್ ಲ್ಯಾಬ್ ಸಂಶೋಧಕರು ಪತ್ತೆ ಮಾಡಿದರು. ಅದಕ್ಕೆ ಗುರಿಯಾಗಿದ್ದವರು ಸೌದಿಯ ಒಬ್ಬ ಹೋರಾಟಗಾರರು. ಅಷ್ಟು ಖರ್ಚು ಮಾಡಿ ನಮ್ಮ ಕಡಲೆಕಾಯಿ ದುಡ್ಡಿಗೆ ಯಾರೂ ಬಲೆ ಬೀಸುವುದಿಲ್ಲ. ಎರಡನೆಯ ಮಾತು, ಗುಮಾಸ್ತನಿಗೆ ಎಣಿಸಲು ಕಲಿಸಿದ ಮೇಲೆ ಆ ಚೀಟಿ ಬರೀ ಚೀಟಿ. ತಿದ್ದುಪಡಿ ಹಾಕಿದ ಫೋನಿನಲ್ಲಿ ಅದೇ ವಿಡಿಯೋ ಏನೂ ಮಾಡಲಾರದು. ಫೋನಿನಲ್ಲಿ "ಅಪ್‌ಡೇಟ್" ಎಂದು ಬರುವುದು ಇದಕ್ಕಾಗಿ. ಡೇಟಾ ಖರ್ಚಾಗುತ್ತದೆಂದು ಅದನ್ನು ತಿಂಗಳುಗಟ್ಟಲೆ ಮುಂದೂಡಬೇಡಿ.

ನಮ್ಮ ಮನೆಗಳಲ್ಲಿ ಒಂದು ಪದ್ಧತಿಯಿದೆ, ಅದು ನನಗೆ ಸರಿಕಾಣುವುದಿಲ್ಲ. ಹೊಸ ಫೋನು ತಂದೆಗೆ, ಅದಕ್ಕಿಂತ ಹಳೆಯದು ತಾಯಿಗೆ, ಎಲ್ಲಕ್ಕಿಂತ ಹಳೆಯದು ಓದುವ ಮಗುವಿಗೆ. ಕಂಪನಿಗಳು ಒಂದು ಮಾದರಿಗೆ ಕೆಲವು ವರ್ಷ ಮಾತ್ರ ತಿದ್ದುಪಡಿ ಕಳಿಸುತ್ತವೆ, ಆಮೇಲೆ ನಿಲ್ಲಿಸುತ್ತವೆ. ಹಾಗಾಗಿ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಡೌನ್‌ಲೋಡ್ ಮಾಡುವ ಕೈಯಲ್ಲಿ ಎಲ್ಲಕ್ಕಿಂತ ದಡ್ಡ ಗುಮಾಸ್ತನಿರುತ್ತಾನೆ. ಹೊಸ ಫೋನು ಕೊಡಿಸಿ ಎಂದು ನಾನು ಹೇಳುವುದಿಲ್ಲ, ರೇಷ್ಮೆಗೂಡಿನ ಧಾರಣೆ ನನಗೂ ಗೊತ್ತು. ಆ ಹಳೆಯ ಫೋನಿನಲ್ಲಿ ನಿಮ್ಮ ಬ್ಯಾಂಕಿನ ಆ್ಯಪ್ ಇಡಬೇಡಿ, ಖಾತೆಗೆ ಜೋಡಿಸಿದ ಸಿಮ್ ಹಾಕಬೇಡಿ. ಕಳ್ಳ ಒಳಗೆ ಬಂದರೂ ಪೆಟ್ಟಿಗೆ ಖಾಲಿಯಿರಲಿ. 2022ರ ಡಿಸೆಂಬರ್‌ನಲ್ಲಿ ರಾಜ್ಯ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಮೆಮೊರಿ ಕಾರ್ಡಿನಲ್ಲಿ ಪಾಠ ತುಂಬಿ ಕೊಟ್ಟ ಟ್ಯಾಬುಗಳು ಕೆಲವು ಮನೆಗಳಲ್ಲಿರಬಹುದು. ಅಂಥವುಗಳ ಬೀಗ ತೆಗೆಸಿಕೊಡುತ್ತೇವೆ ಎನ್ನುವವರ ಬಳಿ ಹೋಗಬೇಡಿ.

ಇನ್ನು ದಿನನಿತ್ಯದ ಅಪಾಯ. ಇದು ವೇಷದ ಅಪಾಯ. ಹಗಲುವೇಷದವರು ಊರಿಗೆ ಬಂದಾಗ ರಾಮನ ವೇಷ ಹಾಕಿದವನು ರಾಮನಲ್ಲ ಎಂಬುದು ಮಗುವಿಗೂ ಗೊತ್ತು, ಫೋನಿನಲ್ಲಿ ಮಾತ್ರ ನಾವು ಅದನ್ನು ಮರೆಯುತ್ತೇವೆ. 2000ದ ಮೇ 4ರಂದು ಜಗತ್ತಿನ ಲಕ್ಷಾಂತರ ಗಣಕಯಂತ್ರಗಳಿಗೆ ಒಂದು ಪ್ರೇಮಪತ್ರ ಬಂತು. ಹೆಸರಿನ ಕೊನೆಯಲ್ಲಿ "ಟಿಎಕ್ಸ್‌ಟಿ" ಎಂದಿತ್ತು, ಅಂದರೆ ಬರೀ ಬರಹ. ಅದರ ಮುಂದೆ ಇನ್ನೊಂದು ಬಾಲವಿತ್ತು, "ವಿಬಿಎಸ್", ಅಂದರೆ ಆಜ್ಞೆಗಳ ಪಟ್ಟಿ. ವಿಂಡೋಸ್ ಆ ಎರಡನೆಯ ಬಾಲವನ್ನು ಮುಚ್ಚಿಟ್ಟು ತೋರಿಸುತ್ತಿತ್ತು. ಜನ ಪತ್ರವೆಂದು ತೆರೆದರು, ಪ್ರೋಗ್ರಾಂ ಓಡಿತು. ಅದು ಮಾಡಿದ ಕೆಲಸ ನೋಡಿ: ಯಂತ್ರದಲ್ಲಿದ್ದ ಜೆಪಿಜಿ ಚಿತ್ರಗಳನ್ನು ಅಳಿಸಿ ಅವುಗಳ ಜಾಗದಲ್ಲಿ ತನ್ನ ನಕಲನ್ನು ಕೂರಿಸಿತು, ಎಂಪಿ3 ಹಾಡುಗಳನ್ನು ಅಡಗಿಸಿ ಅವುಗಳ ಹೆಸರಿನಲ್ಲಿ ತಾನು ನಿಂತಿತು. ಅಲ್ಲಿ ಹಾಡೂ ಚಿತ್ರವೂ ವೈರಸ್ಸನ್ನು ತಂದವಲ್ಲ, ವೈರಸ್ಸಿಗೆ ಬಲಿಯಾದವು. ಮರುವರ್ಷ, 2001ರ ಫೆಬ್ರವರಿಯಲ್ಲಿ, ಟೆನಿಸ್ ಆಟಗಾರ್ತಿ ಅನ್ನಾ ಕೂರ್ನಿಕೋವಾ ಅವರ ಫೋಟೋ ಎಂದು ಇನ್ನೊಂದು ಬಂತು. ಅದೂ ಇದೇ ವೇಷ, "ಜೆಪಿಜಿ"ಯ ಹಿಂದೆ "ವಿಬಿಎಸ್".

ಕಾಲು ಶತಮಾನ ಕಳೆದರೂ ಆಟ ಬದಲಾಗಿಲ್ಲ. 2025ರ ಏಪ್ರಿಲ್‌ನಲ್ಲಿ ಗಣಕಯಂತ್ರದಲ್ಲಿ ಬಳಸುವ ವಾಟ್ಸಾಪಿನಲ್ಲಿ ಒಂದು ದೋಷ ಬಯಲಾಯಿತು. ಫೈಲನ್ನು ಚಿತ್ರವೆಂದು ತೋರಿಸಿ, ತೆರೆದಾಗ ಪ್ರೋಗ್ರಾಮಾಗಿ ಓಡಿಸಬಹುದಾಗಿತ್ತು. ಅದನ್ನು ಸರಿಪಡಿಸಿದ್ದಾರೆ.

ನಮಗೆ ನಿಜವಾಗಿ ತಟ್ಟುವುದು ಮದುವೆಯ ಕರೆಯೋಲೆ. 2024ರ ನವೆಂಬರ್‌ನಲ್ಲಿ ಹಿಮಾಚಲ ಪ್ರದೇಶದ ಪೊಲೀಸರು ಎಚ್ಚರಿಸಿದ್ದು ಇದನ್ನೇ. ಗೊತ್ತಿಲ್ಲದ ನಂಬರಿನಿಂದ ವಾಟ್ಸಾಪಿನಲ್ಲಿ ಲಗ್ನಪತ್ರಿಕೆ ಬರುತ್ತದೆ. ಒತ್ತಿದರೆ ಚಿತ್ರ ತೆರೆಯುವುದಿಲ್ಲ, "ಇನ್‌ಸ್ಟಾಲ್ ಮಾಡಲೇ?" ಎಂದು ಕೇಳುತ್ತದೆ. ಹೆಸರಿನ ಕೊನೆಯಲ್ಲಿ "ಎಪಿಕೆ" ಎಂದಿರುತ್ತದೆ. ಎಪಿಕೆ ಎಂದರೆ ಆಂಡ್ರಾಯ್ಡ್ ಫೋನಿನ ಪ್ರೋಗ್ರಾಂ. ಅದು ಒಳಗೆ ಬಂದು ನಿಮ್ಮ ಎಸ್ಸೆಮ್ಮೆಸ್ ಓದಲು ಅನುಮತಿ ಪಡೆದರೆ ಬ್ಯಾಂಕು ಕಳಿಸುವ ಓಟಿಪಿ ನಿಮಗಿಂತ ಮೊದಲು ಕಳ್ಳನಿಗೆ ತಲುಪುತ್ತದೆ. ಪಿಎಂ ಕಿಸಾನ್ ಪಟ್ಟಿ, ವಾಹನದ ದಂಡದ ಚೀಟಿ, ಬ್ಯಾಂಕಿನ ಕೆವೈಸಿ, ಹೀಗೆ ವೇಷಗಳು ಹಲವು. ಕರೆಯೋಲೆ ಎಂದರೆ ಚಿತ್ರ, ವಿಡಿಯೋ ಅಥವಾ ಪಿಡಿಎಫ್. ಅದು ಎಂದೂ ಆ್ಯಪ್ ಅಲ್ಲ. ನೆಂಟರು ಮದುವೆಗೆ ಕರೆಯಲು ನಿಮ್ಮ ಎಸ್ಸೆಮ್ಮೆಸ್ ಯಾಕೆ ಓದಬೇಕು?

ಇಲ್ಲಿ ಒಂದು ಸಮಾಧಾನವಿದೆ. ಆ ಎಪಿಕೆ ತಾನಾಗಿ ಒಳಗೆ ಬರಲಾರದು. ಅಪರಿಚಿತ ಮೂಲದ ಆ್ಯಪಿಗೆ ಅವಕಾಶ ಕೊಡುವಿರಾ ಎಂದು ಫೋನು ಕೇಳುತ್ತದೆ, ಹಾಕಿಕೊಳ್ಳಲೇ ಎಂದು ಮತ್ತೆ ಕೇಳುತ್ತದೆ, ಎಸ್ಸೆಮ್ಮೆಸ್ ಓದಲು ಬಿಡುವಿರಾ ಎಂದು ಇನ್ನೊಮ್ಮೆ ಕೇಳುತ್ತದೆ. ಮೂರು ಸಲ ಬಾಗಿಲಲ್ಲಿ ನಿಲ್ಲಿಸಿ ಕೇಳಿದರೂ ಜನ ಯಾಕೆ "ಹೌದು" ಎನ್ನುತ್ತಾರೆ? ಕೇಳಿದ್ದು ಇಂಗ್ಲಿಷಿನಲ್ಲಿ. ಕನ್ನಡ ಓದಬಲ್ಲ ತಾಯಿಗೆ ಇಂಗ್ಲಿಷಿನಲ್ಲಿ ಕೊಟ್ಟ ಎಚ್ಚರಿಕೆ ಎಚ್ಚರಿಕೆಯೇ ಅಲ್ಲ, ಅದೊಂದು ಅಡ್ಡಿ. ಸರಿದರೆ ಸಾಕೆಂದು ಬಣ್ಣದ ಗುಂಡಿಯನ್ನು ಒತ್ತುತ್ತಾಳೆ. ಅಕ್ಷರಸ್ಥೆಯೊಬ್ಬಳನ್ನು ಭಾಷೆಯ ಕಾರಣಕ್ಕೆ ನಿರಕ್ಷರಿಯನ್ನಾಗಿಸುವುದು ಎಂದರೆ ಇದೇ. ಮಾತೃಭಾಷೆಯ ಹಕ್ಕು ಎಂದಾಗ ನಾವು ಸಂವಿಧಾನದ 350-ಎ ವಿಧಿಯನ್ನು, ಪ್ರಾಥಮಿಕ ಶಿಕ್ಷಣವನ್ನು ನೆನೆಯುತ್ತೇವೆ. ಅಂಗೈಯಲ್ಲಿರುವ ಯಂತ್ರದ ಭಾಷೆಯೂ ಆ ಲೆಕ್ಕಕ್ಕೆ ಸೇರಬೇಕು ಎನ್ನುವವನು ನಾನು. ಇದಕ್ಕೆ ಯಾವ ಕಚೇರಿಗೂ ಅರ್ಜಿ ಹಾಕಬೇಕಾಗಿಲ್ಲ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಭಾಷೆಗಳ ಪಟ್ಟಿಯೊಳಗೆ "ಕನ್ನಡ" ಇದೆ, ವಾಟ್ಸಾಪ್ ಕೂಡ ಕನ್ನಡದಲ್ಲಿ ಬರುತ್ತದೆ. ಒಮ್ಮೆ ಬದಲಿಸಿದರೆ ಆ ಮೂರು ಪ್ರಶ್ನೆಗಳೂ ಕನ್ನಡದಲ್ಲಿ ಕೇಳುತ್ತವೆ. ಮೊದಲ ವಾರ ಕೆಲವು ಪದಗಳು ವಿಚಿತ್ರವೆನಿಸುತ್ತವೆ, ಅನುವಾದ ಅಷ್ಟೇನೂ ಸೊಗಸಾಗಿಲ್ಲ. ಆದರೂ ಅರ್ಥವಾಗುತ್ತದೆ.

ಸಿನಿಮಾದ ವಿಷಯ ಬೇಗ ಮುಗಿಸುತ್ತೇನೆ. ಹೊಸ ಚಿತ್ರ ಬಿಡುಗಡೆಯಾದ ಮರುದಿನವೇ ಪುಕ್ಕಟೆ ಸಿಕ್ಕುವ ತಾಣಗಳಲ್ಲಿ ಹತ್ತು "ಡೌನ್‌ಲೋಡ್" ಗುಂಡಿಗಳಿದ್ದರೆ ಒಂಬತ್ತು ಸುಳ್ಳು. ಎರಡೂವರೆ ಗಂಟೆಯ ಸಿನಿಮಾ ಕೆಲವು ನೂರು ಎಂಬಿಯಾದರೂ ಇರಬೇಕು. ನಾಲ್ಕು ಎಂಬಿಯ ಫೈಲು ಸಿನಿಮಾ ಎಂದರೆ ಚೀಲದಲ್ಲಿ ಆನೆ ತಂದೆ ಎಂದಂತೆ. "ಇದನ್ನು ನೋಡಲು ಈ ಪ್ಲೇಯರ್ ಹಾಕಿಕೊಳ್ಳಿ" ಎಂದರೆ ಅಲ್ಲಿಗೆ ನಿಲ್ಲಿಸಿ. 2005-06ರ ಸುಮಾರಿಗೆ ಜ್ಲಾಬ್ ಎಂಬ ದುಷ್ಟ ತಂತ್ರಾಂಶ ಹರಡಿದ್ದು ಹೀಗೆ, ವಿಡಿಯೋ ನೋಡಲು ಬೇಕಾದ ಕೋಡೆಕ್ ಎಂಬ ವೇಷದಲ್ಲಿ. ಅದೂ ಅಲ್ಲದೆ ಕನ್ನಡ ಚಿತ್ರವನ್ನು ಕದ್ದು ನೋಡಿ ಕನ್ನಡ ಉಳಿಯಲಿ ಎನ್ನುವುದು ನನಗೆ ಒಗ್ಗದ ಮಾತು.

ಪೆನ್‌ಡ್ರೈವ್ ವಿಷಯ ಹಾಗಲ್ಲ, ಇದರಿಂದ ಮಕ್ಕಳು ಅತ್ತದ್ದುಂಟು. ಪ್ರಶ್ನೆಪತ್ರಿಕೆ ಮುದ್ರಿಸಲು ಜೆರಾಕ್ಸ್ ಅಂಗಡಿಗೆ ಹೋಗಿ ಬಂದ ಮೇಲೆ ಒಳಗಿನ ಫೋಲ್ಡರುಗಳೆಲ್ಲ "ಶಾರ್ಟ್‌ಕಟ್" ಆಗಿರುತ್ತವೆ. ಪಾಠಗಳೆಲ್ಲ ಅಳಿಸಿಹೋದವೆಂದು ಮಗು ತಿಳಿಯುತ್ತದೆ. ಬಹುಮಟ್ಟಿಗೆ ಅವು ಅಳಿಸಿರುವುದಿಲ್ಲ. ಆ ಅಂಗಡಿಯ ಯಂತ್ರದಲ್ಲಿದ್ದ ವೈರಸ್ ಅವನ್ನು ಅಡಗಿಸಿ, ಅದೇ ಹೆಸರಿನ ಬಲೆ ಇಟ್ಟಿರುತ್ತದೆ. ಒತ್ತಿದರೆ ವೈರಸ್ ಓಡುತ್ತದೆ. ಒತ್ತಬೇಡಿ, ಆಂಟಿವೈರಸ್ ಇರುವ ಯಂತ್ರದಲ್ಲಿ ತೆರೆಸಿ, ಅಡಗಿದ ಫೈಲುಗಳನ್ನು ತೋರಿಸುವ ಆಯ್ಕೆ ಹಾಕಿಸಿದರೆ ಪಾಠಗಳು ಸಿಕ್ಕುತ್ತವೆ. ವಿಂಡೋಸಿಗೆಂದು ಬರೆದ ಆ ವೈರಸ್ ನಿಮ್ಮ ಆಂಡ್ರಾಯ್ಡ್ ಫೋನಿನಲ್ಲಿ ಓಡುವುದಿಲ್ಲ. ಫೋನು ಅದನ್ನು ಹೊತ್ತು ಬೇರೆ ಯಂತ್ರಕ್ಕೆ ಮುಟ್ಟಿಸಬಹುದು, ಅಷ್ಟೇ. ಮುದ್ರಿಸಲು ಪೆನ್‌ಡ್ರೈವ್ ಬದಲು ಇಮೇಲ್ ಕಳಿಸುವುದು ಲೇಸು.

ಪಠ್ಯಪುಸ್ತಕಗಳ ಪಿಡಿಎಫ್ ಬಗ್ಗೆ ಕೇಳಿದ್ದೀರಿ. ಪಿಡಿಎಫ್ ಓದುವ ತಂತ್ರಾಂಶಗಳಲ್ಲಿಯೂ ದಡ್ಡ ಗುಮಾಸ್ತರು ಇದ್ದರು, ಅವರಿಗೂ ತಿದ್ದುಪಡಿಯೇ ಮದ್ದು. ಪುಸ್ತಕವನ್ನು ಸರ್ಕಾರದ ತಾಣಗಳಿಂದಲೇ ಇಳಿಸಿಕೊಳ್ಳಿ. ನಮ್ಮ ರಾಜ್ಯದ ಎಸ್‌ಸಿಇಆರ್‌ಟಿ, ಕೇಂದ್ರದ ದೀಕ್ಷಾ, ಹೆಚ್ಚಿನ ಓದಿಗೆ ಕರ್ನಾಟಕ ಪಠ್ಯಪುಸ್ತಕ ಸಂಘ. ಅಲ್ಲಿನ ಪಠ್ಯ ಬೇರೆ ಎಂಬುದು ನೆನಪಿರಲಿ, ಪರೀಕ್ಷೆಗೆ ನಮ್ಮದೇ ಓದಬೇಕು. ಕನ್ನಡ ಬೆರಳಚ್ಚಿಗಾಗಿ ಅಕ್ಷರಶೈಲಿ, ಅಂದರೆ ಫಾಂಟ್, ಹುಡುಕುವ ದೊಡ್ಡ ಮಕ್ಕಳಿಗೂ ಒಂದು ಮಾತು. 2011ರಲ್ಲಿ ಪತ್ತೆಯಾದ ಡುಕು ಎಂಬ ಬೇಹು ತಂತ್ರಾಂಶ ವಿಂಡೋಸಿನೊಳಗೆ ನುಗ್ಗಿದ್ದು ವರ್ಡ್ ಕಡತದಲ್ಲಿ ಅಡಗಿಸಿದ್ದ ಫಾಂಟಿನ ಮೂಲಕ. ನುಡಿ ಬೇಕಿದ್ದರೆ ಅದನ್ನು ರೂಪಿಸಿದ ಕನ್ನಡ ಗಣಕ ಪರಿಷತ್ತಿನ ತಾಣದಿಂದ ಪಡೆಯಿರಿ. ಇಂದಿನ ಫೋನು, ಗಣಕಯಂತ್ರಗಳಲ್ಲಿ ಯೂನಿಕೋಡ್ ಕನ್ನಡ ಮೊದಲೇ ಇರುವುದರಿಂದ ಬಹಳ ಸಲ ಹುಡುಕುವ ಅಗತ್ಯವೇ ಇಲ್ಲ.

ಸುಳ್ಳು ಎಚ್ಚರಿಕೆಗಳದ್ದು ಬೇರೆಯೇ ಕಾಟ. "ಡ್ಯಾನ್ಸ್ ಆಫ್ ದಿ ಪೋಪ್" ಎಂಬ ವಿಡಿಯೋ ತೆರೆದರೆ ಫೋನು ಸುಟ್ಟುಹೋಗುತ್ತದೆ, "ಮಾರ್ಟಿನೆಲ್ಲಿ" ಎಂಬ ವಿಡಿಯೋ ಫೋನನ್ನು ಹಾಳುಮಾಡುತ್ತದೆ, ಹತ್ತು ಜನಕ್ಕೆ ಕಳಿಸಿ, ಎಂಬ ಸಂದೇಶಗಳು ವರ್ಷಗಳಿಂದ ತಿರುಗುತ್ತಿವೆ. ಅಂಥ ವಿಡಿಯೋಗಳೇ ಇಲ್ಲ. ಊರಿಗೆ ಹುಲಿ ಬಂತೆಂದು ದಿನಾ ಕೂಗಿದರೆ ನಿಜವಾದ ಕರೆಯೋಲೆ ಎಪಿಕೆ ಬಂದ ದಿನ ಯಾರೂ ಕೇಳುವುದಿಲ್ಲ.

ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿ. ವಾಟ್ಸಾಪಿನ ಸೆಟ್ಟಿಂಗ್ಸ್‌ನಲ್ಲಿ ಚಿತ್ರ, ವಿಡಿಯೋಗಳು ತಾವಾಗಿ ಇಳಿಯುವುದನ್ನು ನಿಲ್ಲಿಸಿ. ಡೇಟಾ ಉಳಿಯುತ್ತದೆ, ಬೇಡದ್ದು ಒಳಗೆ ಬರುವುದಿಲ್ಲ. ಪ್ಲೇ ಸ್ಟೋರಿನೊಳಗಿನ ಪ್ಲೇ ಪ್ರೊಟೆಕ್ಟ್ ಚಾಲೂ ಇದೆಯೇ ನೋಡಿ. ಭಾರತ ಸರ್ಕಾರ 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರ ಎಂಬ ತಾಣದಲ್ಲಿ ವೈರಸ್ ತೆಗೆಯುವ ಸಲಕರಣೆಗಳು ಉಚಿತವಾಗಿ ಸಿಗುತ್ತವೆ. ಹಣ ಹೋಯಿತೆಂದು ಗೊತ್ತಾದ ಕೂಡಲೇ ಫೋನಿನ ಇಂಟರ್ನೆಟ್ ಆರಿಸಿ, ಇನ್ನೊಂದು ಫೋನಿನಿಂದ 1930ಕ್ಕೆ ಕರೆಮಾಡಿ, ಬ್ಯಾಂಕಿಗೂ ತಿಳಿಸಿ. ಮರ್ಯಾದೆ ಹೋಗುತ್ತದೆಂದು ಎರಡು ದಿನ ಸುಮ್ಮನಿದ್ದರೆ ಹಣ ಖಾತೆಯಿಂದ ಖಾತೆಗೆ ಹಾರಿ ಕೈಗೆ ಸಿಗದಂತಾಗುತ್ತದೆ. ಮೊದಲ ಗಂಟೆಯಲ್ಲೇ ಹೇಳಿದರೆ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಮಗು ಒತ್ತಿದ್ದರೆ ಅದನ್ನು ಹೊಡೆಯಬೇಡಿ. ಹೊಡೆದರೆ ಮುಂದಿನ ಸಲ ನಿಮಗೆ ಹೇಳುವುದೇ ಇಲ್ಲ.

ಮುಂದಿನ ಸಾಲಿನಲ್ಲಿ ಕೂತ ತಾಯಿಯೊಬ್ಬರು ಆಗಲೇ ಚೀಟಿ ಕಳಿಸಿದ್ದಾರೆ: "ಕೆಟ್ಟ ಆ್ಯಪ್ ಹೊಕ್ಕಿದ್ದರೆ ಫೋನು ಬಿಸಾಡಬೇಕೇ? ಒಳಗೆ ಮಗನ ಚಿಕ್ಕಂದಿನ ಫೋಟೋಗಳಿವೆ." ಬೇಕಾಗಿಲ್ಲ. ಫೋಟೋ, ವಿಡಿಯೋ, ಹಾಡುಗಳನ್ನು ಬೇರೆಡೆಗೆ ನಕಲು ಮಾಡಿಕೊಳ್ಳಿ. ಅವು ಬರೀ ತೂಕದ ಪುಸ್ತಕಗಳು, ಧೈರ್ಯವಾಗಿ ಮರಳಿ ತಂದುಕೊಳ್ಳಬಹುದು. ಎಪಿಕೆ ಇದ್ದರೆ ಅದನ್ನು ಮಾತ್ರ ಬಿಟ್ಟುಬಿಡಿ. ಆಮೇಲೆ ಫ್ಯಾಕ್ಟರಿ ರೀಸೆಟ್ ಮಾಡಿಸಿ, ಬ್ಯಾಂಕಿನ ಗುಪ್ತಪದಗಳನ್ನು ಬೇರೆ ಫೋನಿನಿಂದ ಬದಲಿಸಿ. ಬರುವ ಶನಿವಾರ ಮಧ್ಯಾಹ್ನ ಶಾಲೆಗೆ ಫೋನು ತಂದವರಿಗೆ ಭಾಷೆಯನ್ನು ಕನ್ನಡಕ್ಕೆ ಬದಲಿಸಿಕೊಡುವ ಕೆಲಸವನ್ನು ಹತ್ತನೆಯ ತರಗತಿಯ ಮಕ್ಕಳು ವಹಿಸಿಕೊಂಡಿದ್ದಾರೆ. ಚಾರ್ಜ್ ಮಾಡಿಕೊಂಡು ಬನ್ನಿ, ಆ ಹೊತ್ತಿಗೆ ಕರೆಂಟು ಇರುತ್ತದೆಂದು ಹೇಳಲಾಗದು.